ಕುದಿಯುವ ಕಡಲಿಗೆ ಸೊನ್ನೆ

ನೆಲದ ಏರುತಗ್ಗು ಅಳೆಯಲು ಹೋದ ನೌಕೆ ಹೊತ್ತು ತಂದ ದತ್ತಾಂಶದಲ್ಲಿ ಬೆಟ್ಟಗಳು ಚೆನ್ನಾಗಿಯೇ ಮೂಡಿದ್ದವು. ಎಡವಟ್ಟಾಗಿದ್ದು ಕಡಲಲ್ಲಿ. ದಡ ದಾಟಿದೊಡನೆ ಅಂಕಿಗಳು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಒಂದು ಚೌಕದಲ್ಲಿ ನೀರು ಸಮುದ್ರಮಟ್ಟಕ್ಕಿಂತ ಮೇಲೆ, ಪಕ್ಕದ ಚೌಕದಲ್ಲಿ ಕೆಳಗೆ, ಅದರಾಚೆ ಅಳತೆಯೇ ಇಲ್ಲ. ಅಳತೆ ಸಿಗದ ಕಡೆ ತುಂಬುವ ಗುರುತಿನ ಸಂಖ್ಯೆ -32768. ಅದನ್ನೂ ಎತ್ತರವೆಂದೇ ನಂಬುವ ತಂತ್ರಾಂಶ ದಡದ ಬುಡದಲ್ಲೇ ಮೂವತ್ತೆರಡು ಕಿಲೋಮೀಟರ್ ಆಳದ ಬಾವಿ ತೋಡಿ ತೋರಿಸುತ್ತದೆ.

ಆ ನೌಕೆ ಅಮೆರಿಕದ ಎಂಡೆವರ್. 2000ದ ಫೆಬ್ರವರಿ 11ರಂದು ಹೊರಟು ಹನ್ನೊಂದು ದಿನ ಸುತ್ತಿ ಬಂದ ಈ ಯಾನಕ್ಕೆ ಷಟಲ್ ರೇಡಾರ್ ಟೊಪೊಗ್ರಫಿ ಮಿಷನ್, ಚಿಕ್ಕದಾಗಿ ಎಸ್‌ಆರ್‌ಟಿಎಂ, ಎಂದು ಹೆಸರು. ಇದೇ ನೌಕೆಯಲ್ಲಿ 1994ರಲ್ಲಿ ಎರಡು ಸಲ ರೇಡಾರ್ ಹಾರಿತ್ತು. ಒಂದೇ ಜಾಗವನ್ನು ಬೇರೆ ಬೇರೆ ದಿನ ನೋಡಿ, ಎರಡು ನೋಟಗಳ ಅಲೆಗಳಲ್ಲಿರುವ ವ್ಯತ್ಯಾಸದಿಂದ ಎತ್ತರ ಲೆಕ್ಕ ಹಾಕುವುದನ್ನು ಆಗ ಪರೀಕ್ಷಿಸಿ ನೋಡಿದ್ದರು. ತೊಡಕೆಂದರೆ ಎರಡು ನೋಟಗಳ ನಡುವೆ ಎಲೆ ಅಲುಗಿರುತ್ತದೆ, ನೀರಂತೂ ಒಂದು ಕ್ಷಣ ಇದ್ದಂತೆ ಇನ್ನೊಂದು ಕ್ಷಣ ಇರುವುದಿಲ್ಲ. ಅದಕ್ಕೇ ಈ ಸಲ ಎರಡು ಆಂಟೆನಾ ಒಟ್ಟಿಗೆ ಒಯ್ದರು: ಒಂದು ನೌಕೆಯ ಹೊಟ್ಟೆಯಲ್ಲಿ, ಇನ್ನೊಂದು 60 ಮೀಟರ್ ಉದ್ದದ ಗಳದ ತುದಿಯಲ್ಲಿ. ಸುಮಾರು ಮೂರು ಮೀಟರಿನ ಡಬ್ಬಿಯೊಳಗೆ ಮಡಚಿಟ್ಟಿದ್ದ ಆ ಗಳ ಬಾಹ್ಯಾಕಾಶದಲ್ಲಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಉತ್ತರದ 60 ಡಿಗ್ರಿಯಿಂದ ದಕ್ಷಿಣದ 56 ಡಿಗ್ರಿವರೆಗಿನ ನೆಲವೆಲ್ಲ, ಅಂದರೆ ಭೂಮಿಯ ನೆಲಭಾಗದ ಸುಮಾರು ಶೇ. 80, ಅದರ ನೋಟಕ್ಕೆ ಸಿಕ್ಕಿತು.

ಇಷ್ಟಾದರೂ ನೀರು ಬಗ್ಗಲಿಲ್ಲ. ರೇಡಾರ್ ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ಒರಟಾದ ನೆಲಕ್ಕೆ ತಾಗಿದ ಅಲೆ ಅಷ್ಟಿಷ್ಟು ಹಿಂದಿರುಗುತ್ತದೆ. ತಿಳಿಯಾಗಿ ನಿಂತ ನೀರಿಗೆ ಬಿದ್ದದ್ದು ಆಚೆಗೆ ಜಾರಿ ಹೋಗುತ್ತದೆ. ಆಂಟೆನಾಗೆ ಉಳಿಯುವುದು ತನ್ನದೇ ಉಪಕರಣದ ಗುಂಯ್‌ಗುಡುವಿಕೆ. ಗಣಕ ಆ ಗದ್ದಲದಿಂದಲೂ ಎತ್ತರ ಹೆಕ್ಕುತ್ತದೆ. ಅದಕ್ಕೆ ಗೊತ್ತಿರುವುದು ಅಷ್ಟೇ.

ತಮಾಷೆಯೆಂದರೆ, ಇದೇ ಸಮುದ್ರವನ್ನು ಯೋಜನೆಯವರು ತಮ್ಮ ಅಳತೆಗೋಲಾಗಿಯೂ ಬಳಸಿದ್ದರು. ಗಳ ಕೊಂಚ ಓಲಾಡಿದರೂ ಅಳತೆ ತಪ್ಪುತ್ತದೆ. ಹಾಗಾಗಿ ಖಂಡದ ಮೇಲೆ ಹಾಯುವ ಮುನ್ನ, ದಾಟಿದ ಮೇಲೆ, ಸಾಧ್ಯವಾದೆಡೆ ಕಡಲ ಮೇಲೂ ರೇಡಾರ್ ಓಡಿಸಿದ್ದರು. ಮನೆ ಕಟ್ಟುವ ಗಾರೆಯವರು ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿಕೊಳ್ಳುವ ಹಾಗೆ. ಚೌಕ ಚೌಕವಾಗಿ ನೋಡಿದರೆ ಸುಳ್ಳಾಡುವ ನೀರು, ವಿಸ್ತಾರವಾಗಿ ಸರಾಸರಿ ತೆಗೆದರೆ ನಂಬಿಕಸ್ಥ.

ಆದರೆ ನಕ್ಷೆ ಬೇಕಾದವರಿಗೆ ಸರಾಸರಿ ಸಾಲದು, ದಡ ಎಲ್ಲಿದೆ ಎಂದು ಗೊತ್ತಾಗಬೇಕು. ಮೊದಲು ಹೊಳೆಯುವ ಉಪಾಯ, ಸೊನ್ನೆಗಿಂತ ಕೆಳಗಿದ್ದದ್ದನ್ನೆಲ್ಲ ಸಮುದ್ರ ಅನ್ನುವುದು. ಹಾಗಂದರೆ ಹಾಲೆಂಡಿನ ಹೊಲಗಳೂ ಕೇರಳದ ಕುಟ್ಟನಾಡಿನ ಗದ್ದೆಗಳೂ ಮುಳುಗುತ್ತವೆ. ಗದ್ದಲದಿಂದ ಮೇಲೆದ್ದ ನೀರು ಮಾತ್ರ ದ್ವೀಪವಾಗಿ ಉಳಿಯುತ್ತದೆ. ಗೆರೆಯನ್ನು ಮೂರು ಮೀಟರಿಗೆ ಏರಿಸಿ ನೋಡಿ, ತಗ್ಗಿನ ಕರಾವಳಿಯ ಊರುಗಳೇ ನೀರುಪಾಲು. ಎತ್ತರದ ಅಂಕಿಯನ್ನು ಎಷ್ಟು ತಿಕ್ಕಿದರೂ ಅದು ನೀರೋ ನೆಲವೋ ಎಂದು ಹೇಳುವುದಿಲ್ಲ.

ಉತ್ತರ ಇದ್ದದ್ದು ಬೇರೊಂದು ಕಡೆ. ರೇಡಾರ್ ಎತ್ತರದ ಜೊತೆಗೆ ಹೊಳಪಿನ ಚಿತ್ರವನ್ನೂ ತಂದಿತ್ತು. ಅಲೆ ಹಿಂದಿರುಗದ ಜಾಗ ಅದರಲ್ಲಿ ಕಪ್ಪು. ಅಳತೆ ಕೆಡಿಸಿದ ಕಾರಣವೇ ನೀರಿನ ಗುರುತೂ ಆಯಿತು. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ: ಒಣ ಮರಳುಗಾಡು, ವಿಮಾನದ ಓಡುದಾರಿ ಕೂಡ ಕಪ್ಪಾಗಿಯೇ ಕಾಣುತ್ತವೆ, ಗಾಳಿ ಎದ್ದ ಕಡಲು ಬೆಳ್ಳಗಾಗುತ್ತದೆ. ಆದ್ದರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಂದ ತೆಗೆದ ನೀರಿನ ಪದರವನ್ನೂ ಪಕ್ಕದಲ್ಲಿಟ್ಟುಕೊಂಡು ಸಂಪಾದಕರು ದಡದ ಗೆರೆಯನ್ನು ತಿದ್ದಿದರು. ಯಾನದಲ್ಲಿ ನಾಸಾದ ಜೊತೆಗಿದ್ದ ಅಮೆರಿಕದ ರಕ್ಷಣಾ ನಕ್ಷೆ ಸಂಸ್ಥೆ ಈ ಕೆಲಸ ಮಾಡಿಸಿತು.

ಅವರ ಕಟ್ಟಳೆಗಳನ್ನು ಓದುವುದು ನನಗಂತೂ ಖುಷಿ. ಸಮುದ್ರವೆಲ್ಲ ಸೊನ್ನೆ. 600 ಮೀಟರಿಗಿಂತ ಉದ್ದದ ಕೆರೆಗೆ ಒಂದೇ ಎತ್ತರ. 183 ಮೀಟರಿಗಿಂತ ಅಗಲವಾದ ನದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ಎಲ್ಲೂ ಮೇಲಕ್ಕೆ ಹರಿಯಕೂಡದು. (183 ಯಾಕೆ? 600 ಅಡಿಯನ್ನು ಮೀಟರಿಗೆ ತಿರುಗಿಸಿ ನೋಡಿ.) ದ್ವೀಪ 300 ಮೀಟರಾದರೂ ಉದ್ದವಿರಬೇಕು, ಇಲ್ಲವೇ ನೀರಿನಿಂದ 15 ಮೀಟರ್ ಎದ್ದಿರಬೇಕು, ಇಲ್ಲದಿದ್ದರೆ ಅದನ್ನು ಬಿಟ್ಟರೂ ಆದೀತು. ಇವು ನಿಸರ್ಗದ ನಿಯಮಗಳಲ್ಲ, ಕೆಲಸ ಮುಗಿಸಲೇಬೇಕಾದ ಜನ ಮಾಡಿಕೊಂಡ ಒಪ್ಪಂದಗಳು. ನನ್ನ ಮಟ್ಟಿಗೆ ಇಡೀ ಕತೆಯ ಜಾಣತನ ಇರುವುದು ಗಳದಲ್ಲಲ್ಲ, ಇಲ್ಲಿ.

ಹೀಗೆ ಎಳೆದ ಗೆರೆಗಳು ಎತ್ತರದ ದತ್ತಾಂಶಕ್ಕೆ ಉಪಉತ್ಪನ್ನ ಮಾತ್ರವಾಗಿದ್ದವು. ಬಳಕೆದಾರರಿಗೆ ಅವೇ ಹೆಚ್ಚು ಬೇಕಾಗಿ, ಜಲಭಾಗಗಳ ಪ್ರತ್ಯೇಕ ಸಂಗ್ರಹವಾಗಿಯೂ ಹೊರಬಂದವು. ಅಮೆರಿಕದ ಹೊರಗಿನ ನೆಲಕ್ಕೆ ಬಹುಕಾಲ ಸಿಗುತ್ತಿದ್ದದ್ದು 90 ಮೀಟರಿನ ಚೌಕಗಳು. 30 ಮೀಟರಿನವು 2014ರಿಂದ ಬಿಡುಗಡೆಯಾಗತೊಡಗಿದವು.

ನಮ್ಮ ಮಲ್ಪೆ, ಉಡುಪಿ ಇರುವುದು ಎನ್13ಇ074 ಎಂಬ ಕಡತದಲ್ಲಿ. ಸಾಲಿಗೆ 3601 ಅಂಕಿ, ಅಂಥ 3601 ಸಾಲು. ಎಡಕ್ಕೆ ಸೊನ್ನೆಗಳು ಶಿಸ್ತಾಗಿ ನಿಂತಿರುವುದು ಅರಬ್ಬೀ ಸಮುದ್ರ. ಸೊನ್ನೆ ನಿಂತು ನೆಲ ಶುರುವಾಗುವ ಗೆರೆ ಆ ಒಂದು ಫೆಬ್ರವರಿಯದು. ಸ್ವರ್ಣಾ, ಸೀತಾ ನದಿಗಳು ಕೋಡಿ ಬೆಂಗ್ರೆಯ ಬಳಿ ಕಡಲು ಸೇರುವ ಅಳಿವೆಯಂಥ ಕಡೆ ಮರಳ ದಿಬ್ಬ ಮಳೆಗಾಲಕ್ಕೊಂದು ರೂಪ ತಾಳುತ್ತದೆ. ಕಡಲ್ಕೊರೆತ ಅಳೆಯಹೊರಟವರು ಈ ಗೆರೆಯನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ, ತಮಗೆ ಬೇಕಾದ ವರ್ಷದ ಉಪಗ್ರಹ ಚಿತ್ರವನ್ನು ಪಕ್ಕದಲ್ಲಿ ಹರಡಿಕೊಂಡೇ ಕೂರಬೇಕು.