ಥುಕ್ಪಾ ತಂದಿಟ್ಟ ಸಿಪಾಯಿ

ಹುಲಿಗಿಯ ಹುಲಿಗೆಮ್ಮನ ಜಾತ್ರೆಯಲ್ಲಿ ಮಂಡಕ್ಕಿ-ಮಿರ್ಚಿ ತಿಂದು ಬೆಳೆದ ನಾಲಿಗೆ ನನ್ನದು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಪುಟ್ಟ ಹೋಟೆಲಿನಲ್ಲಿ ಮೊಮೊ ತಟ್ಟೆ ಮುಂದೆ ಬಂದಾಗ 'ಅರೆ, ಇದು ನಮ್ಮ ಕಡುಬಿನ ತಮ್ಮ!' ಅನ್ನಿಸಿತು. ತೆಳ್ಳನೆ ಹಾಳೆ, ಬೆರಳ ತುದಿಯಲ್ಲಿ ಹಿಡಿದ ನೆರಿಗೆ, ಒಳಗೆ ಕೋಸು, ಪಕ್ಕದಲ್ಲಿ ಕಣ್ಣೀರು ತರಿಸುವ ಕೆಂಪು ಚಟ್ನಿ. ಹಿಂದೆಯೇ ಹೊಗೆಯಾಡುವ ಥುಕ್ಪಾ, ಅಂದರೆ ನೂಡಲ್ಸಿನ ಸಾರು. ತಂದಿಟ್ಟ ಅಜ್ಜನಿಗೆ ವಯಸ್ಸಾಗಿತ್ತು, ಬೆನ್ನಿಗೆ ಆಗಿರಲಿಲ್ಲ.

"ಅಜ್ಜಾರ, ಮಿಲಿಟ್ರಿಯೊಳಗ ಇದ್ರೇನು?"

"ಟೂ-ಟೂ" ಎಂದು ನಕ್ಕು ಒಲೆಯತ್ತ ನಡೆದುಬಿಟ್ಟರು.

ಟೂ-ಟೂ! ಊರಿಗೆ ಬಂದು ಕೆದಕಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. 1959ರಲ್ಲಿ ದಲೈ ಲಾಮಾ ಹಿಮಾಲಯ ದಾಟಿ ಬಂದರಲ್ಲ, ಅವರ ಬೆನ್ನಿಗೆ ಬಂದ ಜನ ಈ ಟಿಬೆಟಿಯನ್ನರು. 1962ರ ನವೆಂಬರಿನಲ್ಲಿ, ಚೀನಾ ಯುದ್ಧ ಇನ್ನೂ ನಡೆದಿರುವಾಗಲೇ, ಭಾರತ ಸರ್ಕಾರ ಇವರ ತರುಣರದೊಂದು ಗುಪ್ತ ಪಡೆ ಕಟ್ಟಿತು. ನೆಲೆ ಡೆಹ್ರಾಡೂನ್ ಕಡೆಯ ಚಕ್ರಾತಾ. ಕಾಗದದಲ್ಲಿ ಸ್ಪೆಷಲ್ ಫ್ರಂಟಿಯರ್ ಫೋರ್ಸ್, ಬಾಯಲ್ಲಿ ಟೂ-ಟೂ, ಅಂದರೆ 22. ಮೊದಲ ಮುಖ್ಯಸ್ಥ ಸುಜನ್ ಸಿಂಗ್ ಉಬಾನ್ ಹಿಂದೆ ನಡೆಸಿದ್ದ ಫಿರಂಗಿ ರೆಜಿಮೆಂಟಿನ ಸಂಖ್ಯೆ ಅದು.

ಚೀನಾ ವಿರುದ್ಧವೆಂದು ಕಟ್ಟಿದ ಪಡೆ ದೊಡ್ಡ ಕಾಳಗ ಮಾಡಿದ್ದು ಎಲ್ಲಿ ಗೊತ್ತೇ? 1971ರ ಬಾಂಗ್ಲಾ ಯುದ್ಧದಲ್ಲಿ, ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಗುಡ್ಡಗಾಡಿನಲ್ಲಿ! ಹಿಮದಲ್ಲಿ ಹುಟ್ಟಿದವರು ಬೆವರಿಳಿಸುವ ಕಾಡಿನೊಳಗೆ. ಸುಮಾರು 3,000 ಮಂದಿ ಹೋದರು, 56 ಮಂದಿ ಮರಳಲಿಲ್ಲ. ಗುಟ್ಟಿನ ಪಡೆಯಲ್ಲವೇ, ನಾಲ್ಕು ಜನರೆದುರು ಎದೆಗೆ ಪದಕ ಚುಚ್ಚಿಸಿಕೊಳ್ಳುವ ಭಾಗ್ಯವೂ ಇರಲಿಲ್ಲ.

ಇನ್ನೂ ಬೆರಗು ಕೇಳಿ. ಅದೇ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿಗಳ ಕ್ಯಾಂಪುಗಳು ನಮ್ಮ ಗಂಗಾವತಿ ದಾಟಿದರೆ ಸಿಗುವ ಸಿಂಧನೂರಿನಲ್ಲಿವೆ. ಯಾರದೋ ನಾಡಿಗಾಗಿ ಕಾದಾಡಿದವರು ಮುಂಡಗೋಡದಲ್ಲಿ, ಆ ನಾಡು ಬಿಟ್ಟವರು ತುಂಗಭದ್ರೆಯ ಕಾಲುವೆಗುಂಟ. ಇಬ್ಬರ ವಿಳಾಸದಲ್ಲೂ 'ಕ್ಯಾಂಪು'! ನಾನೇನೋ ಆ ಪದ ಕಾಲುವೆ ಬಂದ ಮೇಲೆ ಬಂದು ನೆಲೆಸಿದ ಆಂಧ್ರದ ರೈತರ ವಸತಿಗಳದಷ್ಟೇ ಅಂದುಕೊಂಡಿದ್ದೆ.

ಮುಂಡಗೋಡದ ಕ್ಯಾಂಪು ಶುರುವಾಗಿದ್ದು 1966ರಲ್ಲಿ; ಅಷ್ಟು ವರ್ಷದ ನಂಟು ಮಾತಿಗೂ ಇಳಿದಿದೆ. ಅಂದು ಬಿಲ್ಲು ಕೊಡುವಾಗ ಅಜ್ಜ ಚಿಲ್ಲರೆ ಎರಡು ಸಲ ಎಣಿಸಿ, "ಚಲೋ ಇತ್ತೇನ್ರೀ?" ಎಂದಿದ್ದರು, ಥೇಟ್ ಹುಬ್ಬಳ್ಳಿ ಕಡೆಯ ರಾಗದಲ್ಲಿ. ಹುಲಿಗಿಯಿಂದ ನಸುಕಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಡಗೋಡ. ಹೋಗಿ ಬನ್ನಿ. ಥುಕ್ಪಾ ಆರುವ ಮೊದಲೇ ತಿನ್ನಿ.