ಕುಳಿತಲ್ಲೇ ನಡೆದ ಹೆಜ್ಜೆಗಳು

ಆಪಾಗೂ ನನಗೂ ಒಂದು ಪಂದ್ಯವಿತ್ತು. ದಿನದಲ್ಲಿ ಕಡಿಮೆ ಹೆಜ್ಜೆ ನಡೆದವರು ರಾತ್ರಿ ಚಹಾ ಮಾಡಬೇಕು. ಲೆಕ್ಕ ಇಡುವುದು ಫೋನು. ಒಂದು ದಿನ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಕುಳಿತೇ ಬಂದೆ. ಇಳಿಯುವಾಗ ನೋಡಿದರೆ ಮುನ್ನೂರಕ್ಕೂ ಹೆಚ್ಚು ಹೆಜ್ಜೆ ಸೇರಿದ್ದವು! ಅವು ಎಲ್ಲಿಂದ ಬಂದವು? ವಿಜ್ಞಾನ ವಿಭಾಗದ ಗೆಳೆಯರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಬಸ್ಸು ತಟ್ಟನೆ ನಿಂತರೆ ನಾವು ಮುಂದಕ್ಕೆ ವಾಲುತ್ತೇವೆ. ಇದೇ ಜಡತ್ವ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಮೊದಲ ನಿಯಮ ಇದರ ಬಗ್ಗೆಯೇ. ಫೋನಿನೊಳಗೆ ಸಿಲಿಕಾನ್‌ನ ಅತಿ ಚಿಕ್ಕ ತುಣುಕೊಂದು ಸ್ಪ್ರಿಂಗಿನಂಥ ಎಳೆಗಳಲ್ಲಿ ತೂಗುತ್ತಿರುತ್ತದೆ. ಫೋನು ಅಲುಗಿದರೆ ಅದೂ ನಮ್ಮಂತೆ ವಾಲುತ್ತದೆ. ಆ ವಾಲುವಿಕೆಯನ್ನು ಅಳೆಯುವುದು ಆಕ್ಸೆಲೆರೋಮೀಟರ್. ತಿರುಗುವಿಕೆಯನ್ನು ಅಳೆಯುವುದು ಗೈರೋಸ್ಕೋಪ್. ಫ್ರಾನ್ಸಿನ ಫೂಕೊ 1852ರಲ್ಲಿ ಇಟ್ಟ ಹೆಸರಿದು. ಅವರದು ವೇಗವಾಗಿ ತಿರುಗುವ ಚಕ್ರ, ಫೋನಿನಲ್ಲಿರುವುದು ಕಂಪಿಸುವ ಸೂಕ್ಷ್ಮ ತುಣುಕು. ಪರದೆ ಅಡ್ಡ ತಿರುಗುವುದು, ಅಪಘಾತದಲ್ಲಿ ಕಾರಿನ ಏರ್‌ಬ್ಯಾಗ್ ತೆರೆದುಕೊಳ್ಳುವುದು ಇಂಥ ಸಂವೇದಕಗಳಿಂದಲೇ. ಬಸ್ಸಿನ ಕುಲುಕಾಟವನ್ನು ನನ್ನ ಫೋನು ನಡಿಗೆ ಎಂದು ತಿಳಿದಿತ್ತು.

ಈ ಸಂವೇದಕಗಳಿಗೆ ಹೊರಗಿನ ಸಿಗ್ನಲ್ ಬೇಡ. ಅದೇ ಅವುಗಳ ಶಕ್ತಿ. ಆದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ವೇಗದ ಬದಲಾವಣೆಯನ್ನು ಕೂಡಿಸಿ ವೇಗ, ವೇಗವನ್ನು ಕೂಡಿಸಿ ದೂರ ತಿಳಿಯಬೇಕು. ಅಳತೆಯಲ್ಲಿ ಸೆಕೆಂಡಿನ ವರ್ಗಕ್ಕೆ ಕೇವಲ 0.01 ಮೀಟರ್ ತಪ್ಪು ಸದಾ ಇದ್ದರೆ, ಒಂದು ನಿಮಿಷಕ್ಕೆ 18 ಮೀಟರ್, ಹತ್ತು ನಿಮಿಷಕ್ಕೆ 1800 ಮೀಟರ್ ವ್ಯತ್ಯಾಸ! ನಮ್ಮ ಲೆಕ್ಕಶಾಸ್ತ್ರದಲ್ಲೂ ಹೀಗೆಯೇ: ಆರಂಭದ ಶಿಲ್ಕು ತಪ್ಪಿದರೆ ಮುಂದಿನ ಪುಟಗಳೆಲ್ಲ ತಪ್ಪು. ಅದಕ್ಕೇ ನಗದು ಪುಸ್ತಕವನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುತ್ತೇವೆ.

ಚಂದ್ರಯಾನ-3ರಲ್ಲೂ ಇದೇ ನಡೆಯಿತು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿಯುವಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ನೋಡುತ್ತಿದ್ದರು. ದಾರಿ ನಿರ್ಧರಿಸಿದ್ದು ಲ್ಯಾಂಡರೇ. ಅದರಲ್ಲಿ ಲೇಸರ್ ಗೈರೋಸ್ಕೋಪ್ ಮತ್ತು ಆಕ್ಸೆಲೆರೋಮೀಟರ್‌ಗಳಿದ್ದವು. ಆದರೂ ಅವುಗಳನ್ನಷ್ಟೇ ನಂಬಲಿಲ್ಲ. ಎತ್ತರ ಅಳೆಯುವ ಉಪಕರಣ, ವೇಗ ಅಳೆಯುವ ಉಪಕರಣ, ಕ್ಯಾಮೆರಾಗಳೂ ಜೊತೆಗಿದ್ದವು.

ಒಳಗಿನ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಹೊರಗಿನ ಸಾಕ್ಷಿಯೊಂದು ಬೇಕು. ಆ ದಿನ ಬಸ್ಸಿನಲ್ಲಿ ಕುಳಿತಿದ್ದಕ್ಕೆ ನಾನೇ ಸಾಕ್ಷಿ. ಫೋನಿನ ಪ್ರಕಾರ ಗೆದ್ದಿದ್ದೆ. ಮುನ್ನೂರು ಕಳೆದರೆ ಸೋತಿದ್ದೆ. ರಾತ್ರಿ ಚಹಾ ನಾನೇ ಮಾಡಿದೆ. ಸಕ್ಕರೆ ಕಡಿಮೆಯಾಯಿತೆಂದು ಆಪಾ ಹೇಳಿದಳು.