ಇಲಿ ಸಾಯಲ್ಲ, ಜ್ವರ ನಮಗೆ ಬರುತ್ತೆ: ಗದ್ದೆಯಲ್ಲಿ ಇಲಿ ಜ್ವರ ತಡೆಯೋದು ಹೇಗೆ?

ಕಬಿನಿ ನಾಲೆಗೆ ನೀರು ಬಿಟ್ಟರೆ ನಂಜನಗೂಡು, ತಿ. ನರಸೀಪುರ ಕಡೆ ಎಲ್ಲರ ಕಾಲೂ ಕೆಸರಲ್ಲೇ. ಅದೇ ಗದ್ದೆ ಬದುಗಳಲ್ಲಿ ಇಲಿ, ಹೆಗ್ಗಣಗಳ ಸಂಸಾರವೂ ಇರುತ್ತೆ. ತೆನೆ ಕಡಿದ ನಷ್ಟ ನಮಗೆ ಕಾಣುತ್ತೆ, ಅವು ಹರಡುವ ಇಲಿ ಜ್ವರ ಕಾಣಲ್ಲ.

ಇಲಿ ನೋಡಿ ಗೊತ್ತಾಗುತ್ತಾ?

ಇಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ಇಲಿ ಸತ್ತು ಬೀಳೋದೇ ಎಚ್ಚರಿಕೆಯಾಗಿತ್ತು. ಇಲಿ ಜ್ವರದಲ್ಲಿ ಆ ಸೂಚನೆ ಸಿಗಲ್ಲ. ಲೆಪ್ಟೋಸ್ಪೈರಾ ಅನ್ನೋ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಸೇರಿಕೊಂಡು, ತಿಂಗಳುಗಟ್ಟಲೆ ಮೂತ್ರದ ಜೊತೆ ಹೊರಬರುತ್ತೆ. ಇಲಿ ಗಟ್ಟಿಮುಟ್ಟಾಗೇ ಓಡಾಡ್ತಿರುತ್ತೆ. ಹಸಿ ಮಣ್ಣು, ನಿಂತ ನೀರಿನಲ್ಲಿ ಈ ರೋಗಾಣು ವಾರಗಟ್ಟಲೆ ಬದುಕುತ್ತೆ, ಒಣಗಿದರೆ ಸಾಯುತ್ತೆ. ಕಾಲಿನ ಗಾಯ, ನೀರಲ್ಲಿ ನೆನೆದ ಚರ್ಮ, ಕಣ್ಣು, ಬಾಯಿಯ ಮೂಲಕ ನಮ್ಮ ಮೈಗೆ ಸೇರುತ್ತೆ. ಹಾಗಾಗಿ ಗುದ್ದು ಇರೋ ಬದುವಿನ ಪಕ್ಕದ ನೀರನ್ನ ರೋಗದ ನೀರು ಅಂತಲೇ ತಿಳ್ಕೊಳ್ಳಿ.

ಇಲಿ ಕಡಿಮೆ ಮಾಡೋದು

ನಾನು ಸಾವಯವದವನು, ವಿಷ ಇಡಲ್ಲ. ವಿಷ ತಿಂದ ಇಲಿಯನ್ನ ತಿಂದರೆ ಗೂಬೆ, ಬೆಕ್ಕಿಗೂ ಅಪಾಯ. ನಾನು ಮಾಡೋದು ಇಷ್ಟು:

1. ಸಂಜೆ ಎಲ್ಲಾ ಗುದ್ದುಗಳಿಗೂ ಮಣ್ಣು ಮೆತ್ತಿ. ಬೆಳಗ್ಗೆ ತೆರೆದಿರೋದ್ರಲ್ಲಿ ಇಲಿ ಇದೆ. ಬೋನನ್ನ ಅಲ್ಲೇ ಇಡಿ.
2. ಬದು ತೆಳ್ಳಗಿರಲಿ, ಹುಲ್ಲು ಸವರಿ. ದಪ್ಪ ಬದು ಇಲಿಗೆ ಬಂಗಲೆ.
3. ಗೂಬೆ ಕೂರೋಕೆ ಗದ್ದೆಯಲ್ಲಿ ಅಡ್ಡಕಡ್ಡಿ ಕಟ್ಟಿದ ಕೋಲು ನೆಡಿ. ತೆನೆ ಬಲಿಯುವಾಗ ಕಿತ್ತುಬಿಡಿ, ಇಲ್ಲದಿದ್ರೆ ಕಾಳು ತಿನ್ನೋ ಹಕ್ಕಿ ಕೂರುತ್ತೆ.
4. ನಾಟಿಗೆ ಮುಂಚೆ ಅಕ್ಕಪಕ್ಕದ ಗದ್ದೆಯವರೆಲ್ಲ ಒಂದೇ ವಾರ ಮಾಡಿ. ಒಬ್ಬರೇ ಮಾಡಿದ್ರೆ ಪಕ್ಕದ ಗದ್ದೆಯಿಂದ ಮತ್ತೆ ಬರುತ್ತೆ.

ಸತ್ತ ಇಲಿಯನ್ನ ಬರಿಗೈಲಿ ಮುಟ್ಟಬೇಡಿ. ಗ್ಲೌಸ್ ಹಾಕಿ, ಆಳವಾಗಿ ಹೂಳಿ.

ನಾಟಿಯವರ ಕಾಲು

ನಾಟಿ ಕೆಸರಲ್ಲಿ ಗಂಬೂಟು ಹೂತು ಹೋಗುತ್ತೆ, ನಿಜ. ಬದು, ಕಾಲುವೆ ಕೆಲಸಕ್ಕಾದ್ರೂ ಹಾಕಿ. ನಾಟಿಗೆ ಬರೋ ಅಕ್ಕಂದಿರು ದಿನವಿಡೀ ಬರಿಗಾಲಲ್ಲಿ ಇರ್ತಾರೆ. ಗಾಯಕ್ಕೆ ನೀರು ಹೋಗದ ಪ್ಲಾಸ್ಟರು, ಕೈಕಾಲು ತೊಳೆಯೋಕೆ ಸೋಪು, ಶುದ್ಧ ನೀರು ಜಮೀನಿನವರೇ ಇಡಬೇಕು. ಕಾಲಲ್ಲಿ ದೊಡ್ಡ ಗಾಯ ಇರೋರನ್ನ ಕೆಸರಿಗೆ ಇಳಿಸಬೇಡಿ, ಬೇರೆ ಕೆಲಸ ಕೊಡಿ.

ಜ್ವರ ಬಂದ್ರೆ

ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ, ಕೆಲವರಿಗೆ ತಿಂಗಳವರೆಗೂ ತಡವಾಗಿ ಶುರುವಾಗಬಹುದು. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗೋದು ಲಕ್ಷಣ. ಕಣ್ಣು ಹಳದಿಯಾದ್ರೆ, ಮೂತ್ರ ಕಡಿಮೆಯಾದ್ರೆ, ಉಸಿರಾಟ ಕಷ್ಟವಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೆಡಿಕಲ್‌ನಲ್ಲಿ ಜ್ವರದ ಮಾತ್ರೆ ನುಂಗಿ ಮತ್ತೆ ಗದ್ದೆಗೆ ಇಳಿಯಬೇಡಿ. ಬೇಗ ಹೋದ್ರೆ ಸಾಮಾನ್ಯ ಆ್ಯಂಟಿಬಯಾಟಿಕ್‌ನಲ್ಲೇ ವಾಸಿಯಾಗುತ್ತೆ, ತಡವಾದ್ರೆ ಕಿಡ್ನಿ, ಲಿವರ್ ಕೆಡುತ್ತೆ. ಈ ಜ್ವರ ಡೆಂಗಿ ಥರಾನೇ ಕಾಣುತ್ತೆ. ಅದಕ್ಕೇ ಡಾಕ್ಟರ್ ಕೇಳದೇ ಇದ್ರೂ ನೀವೇ ಹೇಳಿ: "ಸಾರ್, ನಾನು ಗದ್ದೆ ಕೆಸರಲ್ಲಿ ಕೆಲಸ ಮಾಡಿದ್ದೆ, ಅಲ್ಲಿ ಇಲಿ ಇದೆ."